ದೊಡ್ಡದು ಮಾಡಿದ ದೀಪ

ದೊಡ್ಡದು ಎಂದರೆ ದೊಡ್ಡದೇ ಯಾಕಾಗಬಾರದು? ಕೇಳಿದ ಮಾತನ್ನು ಕೇಳಿದ ಹಾಗೆಯೇ ನಡೆಸಿದರೆ ಅದು ತಪ್ಪು ಹೇಗಾದೀತು? ಹೇಳಿದವರು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ಹೇಳಿ ಕಳಿಸಿದವಳಿಗೆ ಬರುವುದು ಅರ್ಧ ಕನ್ನಡ. ನಾನೊಬ್ಬನೇ ಯಾಕೆ ಪೂರ್ತಿ ತಿಳಿದವನಾಗಬೇಕು?

ಕೇದಾರ ಆ ಧ್ವನಿಸಂದೇಶವನ್ನು ನಾಲ್ಕನೆಯ ಸಲ ಒತ್ತಿದ.

"ಕೇದಾರ, ನಾನು ಅನುಜಾ. ಬಾಬಾ ಇನ್ನೂ ಐಸಿಯುದಾಗ ಅದಾರ. ನನಗ ಐದ ಮಿನಿಟ ಒಳಗ ಬಿಟ್ಟಿದ್ರು. ನಿನಗ ಒಂದು ಮಾತು ಹೇಳ್ಯಾರ. 'ಕೇದಾರಗ ಹೇಳು, ದೀಪ ದೊಡ್ಡದು ಮಾಡಂತ.' ಎರಡು ಸರ್ತಿ ಹೇಳಿದ್ರು. ಕುಠಲಾ ದಿವಾ, ಮಲಾ ಕಾಹೀ ಕಳಲಂ ನಾಹೀ. ಯಾವ ದೀಪ ಅಂತ ತಿಳೀಲಿಲ್ಲ ನನಗ. ಅಲ್ಲೆ ಯಾವುದೋ ಲೈಟು ಜಾಸ್ತಿ ಮಾಡಬೇಕು ಅಂತ ಕಾಣ್ತದ. ಮಾಡಿಬಿಡು, ಹಾಂ? ಇಲ್ಲಾಂದ್ರ ನಾಳೆ ಮತ್ತ ನನ್ನ ಕೇಳ್ತಾರ."

ಮಂಗಳವಾರ ಮಧ್ಯಾಹ್ನ ಮೂರು ಗಂಟೆ. ಪುಣೆಯ ಕೊಂಢವಾದ ಒಂದು ಟೈಲ್ಸ್ ಅಂಗಡಿಯ ನೆಲಮಾಳಿಗೆ. ಅವನ ಎದುರು ಮೇಜಿನ ಮೇಲೆ ಲೋಣಾವಳಾದ ಚಿಕ್ಕಿಯ ಹಳೆಯ ತಗಡಿನ ಡಬ್ಬಿ, ಡಬ್ಬಿಯ ಮುಚ್ಚಳದೊಳಗೆ ಕೂರಿಸಿದ ಒಂದು ನೀಲಿ ದೀಪ, ದೀಪದಿಂದ ಹೊರಬಂದ ವೈರು, ವೈರಿನ ತುದಿಗೆ ಒಂದರಿಂದ ಹತ್ತರವರೆಗೆ ಅಂಕಿ ಬರೆದ ತಿರುಗಿಸುವ ಗುಂಡಿ. ಗುಂಡಿ ನಾಲ್ಕರ ಮೇಲಿತ್ತು. ಅದು ನಾಲ್ಕು ದಾಟಬಾರದೆಂದು ಅನುಜಾಳ ಅಪ್ಪ ಕೃಷ್ಣಾಜಿ ಸರ್ ಅಲ್ಲೊಂದು ಬಿಳಿ ಟೇಪಿನ ತುಂಡು ಅಂಟಿಸಿದ್ದರು.

ಆ ಮಾತಿನ ಅರ್ಥ ಕೇದಾರನಿಗೆ ಗೊತ್ತಿತ್ತು. ಹನ್ನೆರಡು ವರ್ಷದವನಾಗುವ ತನಕ ಅವನು ಬೆಳಗಾವಿಯಲ್ಲಿ ಅಜ್ಜಿಯ ಹತ್ತಿರ ಬೆಳೆದವನು. ಅಂಬಾ ಅಜ್ಜಿಯ ಮನೆಯಲ್ಲಿ ದೀಪವನ್ನು ಯಾರೂ ಆರಿಸುತ್ತಿರಲಿಲ್ಲ. ಆರಿಸು ಎಂಬ ಮಾತು ದೀಪದ ಕಿವಿಗೆ ಬೀಳಬಾರದು. ಶಾಂತ ಮಾಡು ಎನ್ನಬೇಕು, ಇಲ್ಲವೆ ದೊಡ್ಡದು ಮಾಡು ಎನ್ನಬೇಕು. ಏಳು ವರ್ಷದವನಿದ್ದಾಗ ಒಂದು ದಿನ ಅಜ್ಜಿ ಅಡುಗೆಮನೆಯಿಂದಲೇ, "ಕೇದಾರಾ, ದೇವರ ಮುಂದಿನ ದೀಪ ದೊಡ್ಡದು ಮಾಡೋ" ಎಂದು ಕೂಗಿದ್ದಳು. ಅವನು ಸ್ಟೂಲು ಹತ್ತಿ, ಎಣ್ಣೆ ಸುರಿದು, ಬತ್ತಿಯನ್ನು ಮುಂದಕ್ಕೆ ಎಳೆದಿದ್ದ. ಉರಿ ಒಂದು ಗೇಣು ಎದ್ದು ಗೋಡೆಯ ಪಟದ ಅಂಚು ಕಪ್ಪಾಗಿತ್ತು. ಅಜ್ಜಿ ಬೈಯಲಿಲ್ಲ. ಮುಂದೆ ಎಷ್ಟೋ ವರ್ಷ ಬಂದುಹೋದವರಿಗೆಲ್ಲ ಹೇಳಿ ನಕ್ಕಳು: "ನಮ್ಮ ಹುಡುಗ ಖರೇನ ದೊಡ್ಡದು ಮಾಡಿದ ನೋಡ್ರಿ!"

ಏಳು ವರ್ಷದವನು ಮಾಡಿದರೆ ನಗುತ್ತಾರೆ. ಮೂವತ್ತೊಂದರವನು ಮಾಡಿದರೆ ಏನು ಮಾಡುತ್ತಾರೆ?

*

ಡಬ್ಬಿಯೊಳಗೆ ಒಂದು ಗಾಜಿನ ತಟ್ಟೆ, ತಟ್ಟೆಯಲ್ಲಿ ಬೆರಳಿನ ಉಗುರು ಮುಳುಗುವಷ್ಟು ಗುಲಾಬಿ ಬಣ್ಣದ ನೀರು. ನೀರಿನಲ್ಲಿ ಹುಣಸೆ ಬೀಜದಷ್ಟು ದೊಡ್ಡ ಒಂದು ಯಂತ್ರವಿತ್ತು. ಮೆದುವಾದ ಪಾರದರ್ಶಕ ಹಾಳೆಯ ಮೈ, ಆರು ಕಾಲು. ಕಾಲುಗಳ ಮೇಲೆ ಇಲಿಯ ಹೃದಯದಿಂದ ತೆಗೆದು ಬೆಳೆಸಿದ ಜೀವಕೋಶಗಳ ಒಂದು ಪದರ. ಬೆಳಕು ಬಿದ್ದಾಗ ಕುಗ್ಗುವ ಹಾಗೆ ಆ ಜೀವಕೋಶಗಳನ್ನು ಬದಲಿಸಿದ್ದರು. ನೀಲಿ ದೀಪ ಮಿನುಗಿದರೆ ಕಾಲು ಮಡಚುತ್ತದೆ, ದೀಪ ಮಂಕಾದರೆ ಬಿಡುತ್ತದೆ. ಹಾಗೆ ಅದು ನಡೆಯಬೇಕು. ಅಷ್ಟೇ ಕೃಷ್ಣಾಜಿಯವರ ಲೆಕ್ಕಾಚಾರ.

ಅವರು ಮೂವತ್ತನಾಲ್ಕು ವರ್ಷ ದುಡಿದ ಸಂಸ್ಥೆ ಇದರಿಂದ ಯಾರಿಗೂ ಉಪಯೋಗವಿಲ್ಲವೆಂದು ಕೆಲಸ ನಿಲ್ಲಿಸಿತ್ತು. ನಿವೃತ್ತಿಯ ದಿನ ಅವರು ಶಾಲು, ಹಾರ, ಗೋಡೆ ಗಡಿಯಾರದ ಜೊತೆ ಊಟದ ಡಬ್ಬಿಯ ಕೆಳಗಿನ ಖಾನೆಯಲ್ಲಿ ಜೀವಕೋಶಗಳ ಎರಡು ಸೀಸೆಗಳನ್ನೂ ಮನೆಗೆ ತಂದರು. ಅನುಮತಿಯಿಲ್ಲದೆ ಇಂಥದ್ದನ್ನು ಸಾಕುವುದು ಕಾಯಿದೆಗೆ ವಿರುದ್ಧ. ಹೀಗಾಗಿ ವಿಷಯ ಹೊರಗೆ ಹೋಗುವಂತಿರಲಿಲ್ಲ. ಅಂಗಡಿಯ ಯಜಮಾನ ಪಂಢರಿನಾಥ, ಇವರು ಆಸ್ಪತ್ರೆಯ ಉಪಕರಣ ರಿಪೇರಿ ಮಾಡುತ್ತಾರೆಂದು ತಿಳಿದಿದ್ದ. ಒಂದು ಸಲ ತನ್ನ ಬಿಪಿ ನೋಡುವ ಯಂತ್ರವನ್ನೂ ತಂದುಕೊಟ್ಟಿದ್ದ. ಕೇದಾರ ಅದನ್ನು ರಿಪೇರಿ ಮಾಡಿಯೂ ಕೊಟ್ಟಿದ್ದ.

ಕೇದಾರ ಕೃಷ್ಣಾಜಿಯವರ ಕೊನೆಯ ವಿದ್ಯಾರ್ಥಿ. ಪಿಎಚ್‌ಡಿ ಅರ್ಧಕ್ಕೆ ನಿಂತಿತ್ತು. ಮಗರಪಟ್ಟಾದ ಆಫೀಸೊಂದರಲ್ಲಿ ಬೆಳಗಿನ ಪಾಳಿ ಮುಗಿಸಿ ಒಂದೂವರೆಗೆ ಹೊರಬಿದ್ದು, ಕಿಟಕಿ ಸಿಕ್ಕರೆ ಬಸ್ಸಿನಲ್ಲಿ ನಿದ್ದೆ ಮಾಡುತ್ತ ಇಲ್ಲಿಗೆ ಬರುತ್ತಿದ್ದ. ಎರಡು ವರ್ಷದಿಂದ ಹೀಗೆ. ಆಫೀಸಿನಲ್ಲಿ ಅವನ ಕೆಲಸ ಪರದೆಯ ಮೇಲಿನ ಚಿತ್ರಗಳನ್ನು ನೋಡಿ ಇದು ಗಿಡ, ಇದು ಕಂಬ, ಇದು ಮನುಷ್ಯ ಎಂದು ಗುರುತು ಹಾಕುವುದು. ದಿನಕ್ಕೆ ಎಂಟುನೂರು ಚಿತ್ರ. ಆ ಕಣ್ಣುಗಳನ್ನೇ ತಂದು ಇಲ್ಲಿ ಸೂಕ್ಷ್ಮದರ್ಶಕಕ್ಕೆ ಹಚ್ಚಬೇಕು.

ಒಂದೂವರೆ ವರ್ಷ ಯಂತ್ರ ದೀಪ ಹೇಳಿದ ಹಾಗೆ ಕಾಲು ಮಡಚಿತು, ಬಿಟ್ಟಿತು. ಹನ್ನೊಂದು ಯಂತ್ರಗಳು ಹಾಗೆಯೇ ಮಾಡಿ ಕೊಳೆತುಹೋದವು. ಹನ್ನೆರಡನೆಯದು ಇದು.

ಜೂನ್ ತಿಂಗಳ ಒಂದು ಗುರುವಾರ. ಗುರುವಾರ ಕರೆಂಟು ಹೋಗುವುದು ಈ ಊರಲ್ಲಿ ಯಾರಿಗೂ ಸುದ್ದಿಯಲ್ಲ. ದೀಪ ಹೋಯಿತು. ನೆಲಮಾಳಿಗೆ ಪೂರ್ತಿ ಕತ್ತಲಾಯಿತು. ಸರ್ ಕೆಂಪು ಕಾಗದ ಸುತ್ತಿದ ಟಾರ್ಚು ಹಚ್ಚಿದರು. ಕೆಂಪು ಬೆಳಕು ಆ ಜೀವಕೋಶಗಳಿಗೆ ಕಾಣುವುದಿಲ್ಲ. ಸುಮ್ಮನೆ ನೋಡಲೆಂದು ಡಬ್ಬಿ ತೆರೆದರು. ತಟ್ಟೆಯ ನಡುವಿದ್ದ ಯಂತ್ರ ಅಂಚಿಗೆ ಬಂದಿತ್ತು.

"ಡಬ್ಬಿ ಅಲುಗಾಡಿಸಿದೇನೋ?"

"ಇಲ್ರಿ ಸರ್."

ಅವರು ನೋಡುತ್ತಿದ್ದಂತೆ ಅದು ಒಂದು ಕಾಲು ಎತ್ತಿತು. ನಿಂತಿತು. ಯೋಚಿಸಿದ ಹಾಗೆ ಸ್ವಲ್ಪ ಹೊತ್ತು ನಿಂತಿತು ಎಂದೇ ಕೇದಾರನಿಗೆ ಈಗಲೂ ಅನಿಸುತ್ತದೆ. ಆಮೇಲೆ ಗಾಜಿನ ಅಂಚು ಹಿಡಿದು ಎಡಕ್ಕೆ ನಡೆಯಿತು. ಬೆಳಕಿಲ್ಲ, ಕರೆಂಟಿಲ್ಲ, ನಡೆ ಎಂದು ಹೇಳಿದವರು ಯಾರೂ ಇಲ್ಲ.

ಕೃಷ್ಣಾಜಿ ಸ್ಟೂಲಿನ ಮೇಲೆ ಕೂತರು. ಅರವತ್ತಾರು ವರ್ಷದ ಮನುಷ್ಯ, ಧಾರವಾಡದ ಮಾಳಮಡ್ಡಿಯಲ್ಲಿ ಹುಟ್ಟಿದವರು, ಭಾವನೆಯನ್ನು ಹೊರಗೆ ಹಾಕಿ ಅಭ್ಯಾಸವಿಲ್ಲದವರು.

"ಇದನ್ನ ನಾವು ಮಾಡಿಲ್ಲೋ ತಮ್ಮಾ," ಎಂದರು.

"ಮತ್ತ ಯಾರು ಮಾಡ್ಯಾರ್ರಿ?"

"ಯಾರೂ ಮಾಡಿಲ್ಲ. ಅದ."

ಆವತ್ತು ಸಂಜೆ ಹೊರಡುವ ಹೊತ್ತಿಗೆ ಕರೆಂಟು ಬಂದಿತ್ತು. ಅಲ್ಲಿಯ ತನಕ ದಿನವೂ "ಎಲ್ಲಾ ಬಂದ್ ಮಾಡು" ಎನ್ನುತ್ತಿದ್ದ ಸರ್, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳುತ್ತ, "ಫ್ಯಾನು ಬಂದ್ ಮಾಡು. ದೀಪ ದೊಡ್ಡದು ಮಾಡು" ಎಂದರು. ಒಂದೇ ಉಸಿರಿನಲ್ಲಿ ಎರಡು ಕ್ರಿಯಾಪದ. ಕೇದಾರ ಏನೂ ಕೇಳದೆ ಗುಂಡಿಯನ್ನು ಸೊನ್ನೆಗೆ ತಿರುಗಿಸಿದ. ಅವನಿಗೆ ಅರ್ಥವಾದದ್ದನ್ನು ಬೆನ್ನು ತಿರುಗಿಸಿ ನಿಂತ ಸರ್ ನೋಡಲಿಲ್ಲ. ಮರುದಿನದಿಂದ ಅವರು ತಾವೇ ಗುಂಡಿ ತಿರುಗಿಸಿ ಹೊರಡತೊಡಗಿದರು, ಆ ಮಾತು ಮತ್ತೆ ಬರಲಿಲ್ಲ.

*

ಕತ್ತಲಲ್ಲಿ ಅದು ಮಲಗುತ್ತಿತ್ತು. ಕಾಲುಗಳನ್ನು ಮೈಯ ಕೆಳಗೆ ಎಳೆದುಕೊಂಡು, ಆರು ಗಂಟೆಯೋ ಎಂಟು ಗಂಟೆಯೋ. ಬೆಳಗ್ಗೆ ದೀಪ ಹಚ್ಚಿದರೆ ಏಳುತ್ತಿತ್ತು. ಆದರೆ ಏಳುವುದಕ್ಕೆ ದಿನದಿನಕ್ಕೂ ಹೆಚ್ಚು ಹೊತ್ತು ಹಿಡಿಯತೊಡಗಿತು. ಮೊದಲು ಎರಡು ನಿಮಿಷ, ಆಮೇಲೆ ಹತ್ತು. ಜುಲೈ ಕೊನೆಯಲ್ಲಿ ಒಂದು ರವಿವಾರ ನಲವತ್ತು ನಿಮಿಷ ಅಲುಗಾಡಲಿಲ್ಲ. ಆ ನಲವತ್ತು ನಿಮಿಷ ಕೇದಾರ ಏನು ಯೋಚಿಸಿದ ಎಂದು ಅವನಿಗೇ ನೆನಪಿಲ್ಲ. 

"ಇನ್ನ ಮ್ಯಾಲೆ ದೀಪ ತೆಗೀಬಾರದ್ರಿ ಸರ್. ಒಂದಿನ ಏಳದ ಇದ್ರ?"

"ನಿದ್ದಿ ಬ್ಯಾಡೇನು ಅದಕ್ಕ?"

"ಅದು ನಿದ್ದಿನೋ ಏನೋ ಯಾರಿಗೆ ಗೊತ್ರಿ."

"ನಿನಗ ನಿದ್ದಿ ಕಮ್ಮಿ ಆಗೇದ. ಅದಕ್ಕ ಎಲ್ಲಾರೂ ಎಚ್ಚರ ಇರಬೇಕು ನಿನಗ." ಸರ್ ನಕ್ಕರು. ಆದರೂ ಒಪ್ಪಿದರು. ಅವರೂ ಹೆದರಿದ್ದರು. ಅಂದಿನಿಂದ ದೀಪ ನಾಲ್ಕರ ಮೇಲೆಯೇ ಉಳಿಯಿತು. ಗುರುವಾರಕ್ಕೆಂದು ಕೇದಾರ ಒಂದು ಹಳೆಯ ಸ್ಕೂಟರಿನ ಬ್ಯಾಟರಿಯನ್ನೂ ಜೋಡಿಸಿದ. ಆಗಸ್ಟ್ ಪೂರ್ತಿ ಅದು ಮಲಗಲಿಲ್ಲ. ನಡೆದೇ ಇತ್ತು. ನಿಧಾನವಾಗಿ, ತಟ್ಟೆಯ ಅಂಚಿನಲ್ಲಿ, ಎಡಕ್ಕೆ.

ಸೆಪ್ಟೆಂಬರಿನಲ್ಲಿ ಅದರ ನಡಿಗೆ ಕುಗ್ಗಿತು. ಒಂದು ಸುತ್ತಿಗೆ ಒಂಬತ್ತು ನಿಮಿಷ ಬೇಕಾದದ್ದು ಇಪ್ಪತ್ತಕ್ಕೆ ಬಂತು. ದೀಪವನ್ನು ಐದಕ್ಕೆ ಏರಿಸಿ ನೋಡೋಣ ಎಂದು ಕೇದಾರ ಕೇಳಿದ. ಮರುದಿನವೂ ಕೇಳಿದ. ಮೂರನೆಯ ದಿನ ಸರ್ ಗುಂಡಿಗೆ ಟೇಪು ಅಂಟಿಸಿದರು.

"ದಣಿದದ ಅದು. ದಣಿದವರ ಮುಂದ ದೊಡ್ಡ ದೀಪ ಹಿಡಿದು ನಡಿ ನಡಿ ಅಂದ್ರ ನಡೀತಾರ. ಆಮ್ಯಾಲೆ?"

"ನಿಂತ ಬಿಟ್ರ ಹೆಂಗ್ರಿ?"

"ವಿಚಾರ ಮಾಡೂಣು. ಸೋಮವಾರ ಬಂದು ಹೇಳ್ತೀನಿ."

ಸೋಮವಾರ ಅವರು ಮನೆಯ ಮೆಟ್ಟಿಲ ಮೇಲೆ ಕುಸಿದರು. ಹೃದಯದ ಎರಡು ನಾಳ ಕಟ್ಟಿದ್ದವು. ವಿಚಾರ ಮಾಡಿ ತೀರ್ಮಾನಿಸಿದ್ದನ್ನು ಮಂಗಳವಾರ ಮಗಳ ಬಾಯಿಯಿಂದ ಹೇಳಿಸಿದರು. ಸ್ಪಷ್ಟವಾಗಿಯೇ ಹೇಳಿಸಿದರು, ಎರಡು ಸಲ. ಡಬ್ಬಿಯಲ್ಲಿ ಏನಿದೆ ಎಂದು ಅನುಜಾಗೆ ಗೊತ್ತಿರಲಿಲ್ಲ. ಆ ಮಾತು ಯಾರ ಕಿವಿಗೆ ಬಿದ್ದರೂ ಗುಟ್ಟು ಬಯಲಾಗುತ್ತಿರಲಿಲ್ಲ.

*

"ಆರಸು ಅಂತಾರಲ್ರಿ ಸರ," ಎಂದಳು ಶರಣಮ್ಮ.

ಕೇದಾರ ತಿರುಗಿ ನೋಡಿದ. ಅವಳು ಕಸಬರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸುರಪುರದ ಕಡೆಯವಳು. ಗಂಡ ಊರ ತುಂಬ ಏಳುತ್ತಿದ್ದ ಕಟ್ಟಡಗಳಿಗೆ ನೆಲದ ಫರಸಿ ಹಾಕುತ್ತಿದ್ದ, ಇವಳು ಅಂಗಡಿಯ ಕಸ ಗುಡಿಸಿ ಕೆಳಗಿನ ಕೋಣೆಗೂ ಬರುತ್ತಿದ್ದಳು. ಡಬ್ಬಿಯಲ್ಲಿರುವುದು ಹುಳ ಎಂದು ಸರ್ ಅವಳಿಗೆ ಹೇಳಿದ್ದರು. ಅವಳು ನಂಬಿದ ಹಾಗೆ ಇದ್ದಳು.

"ಏನಂದ್ರಿ?"

"ಆ ಅಕ್ಕಾರು ಹೇಳಾಕತ್ತಾರಲ್ರಿ ಫೋನಿನ್ಯಾಗ. ದೀಪ ದೊಡ್ಡದು ಮಾಡಂತ. ಆರಸು ಅಂತ ಅಲ್ಲೇನ್ರಿ?"

"ಜಾಸ್ತಿ ಮಾಡು ಅಂತ ಅಂದಾಳ. ಕೇಳ್ಲಿಲ್ಲೇನು?"

"ಅದು ಅಕ್ಕಾರು ಅಂದಿದ್ದು. ದೊಡ್ಡ ಸರು ಅಂದಿದ್ದು ಬ್ಯಾರೆ."

"ನಿನಗ ಇದೆಲ್ಲಾ ಗೊತ್ತಾಗಂಗಿಲ್ಲ, ಬಿಡು."

ಆವತ್ತಿನ ತನಕ ಅವನು ಅವಳೊಂದಿಗೆ ನೀವು ಎಂದೇ ಮಾತಾಡುತ್ತಿದ್ದ. ಬಾಯಿಂದ ಜಾರಿದ್ದು ಇಬ್ಬರಿಗೂ ಕೇಳಿಸಿತು.

"ಖರೆ ಐತ್ರಿ," ಎಂದಳು ಶರಣಮ್ಮ. "ಕಸ ಹೊಡಿಯಾಕಿ ನಾ. ನನಗೇನ ಗೊತ್ತಾಗತೈತಿ." ಬಗ್ಗಿ ಮೂಲೆಯಿಂದ ಗುಡಿಸತೊಡಗಿದಳು. ಸ್ವಲ್ಪ ಹೊತ್ತಾದ ಮೇಲೆ ತಲೆ ಎತ್ತದೆಯೇ ಹೇಳಿದಳು: "ನಾವು ಸೈಟಿನ್ಯಾಗ ಇದ್ದಾಗ ಶೆಡ್ಡಿನ ಮುಂದ ದೊಡ್ಡ ಲೈಟ ಹಚ್ಚಿರತಿದ್ರು ನೋಡ್ರಿ. ನಿದ್ದಿ ಅಂಬೂದೇ ಇದ್ದಿಲ್ಲ. ಮುಸುಕ ಹಾಕ್ಕೊಂಡ್ರ ಸೆಕಿ, ತೆಗದ್ರ ಬೆಳಕ. ಈ ಹುಳ ಪಾಪ, ಮುಸುಕರೆ ಎಲ್ಲಿಂದ ತರತೈತಿ."

 ಅವಳು ಮೆಟ್ಟಿಲು ಹತ್ತಿ ಹೋಗುವ ತನಕ ಕೇದಾರ ಕಾದ. ಕೈಯಲ್ಲಿ ಎರಡು ದಾರಿಗಳಿದ್ದವು. ಆರಿಸಿದರೆ ಅದು ಮಲಗುತ್ತದೆ. ಐದಾರು ವಾರ ನಿದ್ದೆಯಿಲ್ಲದ್ದು ಮಲಗಿದರೆ ಏಳುತ್ತದೆಯೆ? ಏಳುವುದಿಲ್ಲ ಎಂದು ಅವನ ಮನಸ್ಸು ತೀರ್ಮಾನಿಸಿಬಿಟ್ಟಿತ್ತು. ಸರ್ ಹೇಳಿದ್ದು ಮಲಗಿಸು ಎಂದೋ ಮುಗಿಸು ಎಂದೋ, ಅದೂ ತಿಳಿಯದು. ಅವರನ್ನು ಕೇಳುವಂತಿಲ್ಲ. ಆದರೆ ಅನುಜಾ ಹೇಳಿದ ಹಾಗೆ ಮಾಡಬಹುದು. ಧ್ವನಿಸಂದೇಶ ಫೋನಿನಲ್ಲಿ ಹಾಗೆಯೇ ಇದೆ. ಜಾಸ್ತಿ ಮಾಡು, ಮಾಡಿಬಿಡು, ಹಾಂ?

ಅದು ಇನ್ನೊಂದು ಸಲ ನಡೆಯುವುದನ್ನು ಅವನು ನೋಡಬೇಕಿತ್ತು. ಇಡೀ ದಿನದಲ್ಲಿ ಅವನು ಗುರುತು ಹಾಕದೆ ನೋಡುತ್ತಿದ್ದದ್ದು ಅದೊಂದನ್ನೇ.

ಟೇಪನ್ನು ಉಗುರಿನಿಂದ ಎಬ್ಬಿಸಿ ತೆಗೆದ. ಗುಂಡಿಯನ್ನು ಏಳಕ್ಕೆ ತಿರುಗಿಸಿದ.

*

ಅದು ಓಡಿತು. ಬೇರೆ ಮಾತು ಇಲ್ಲ. ಮೂರು ತಿಂಗಳಲ್ಲಿ ಒಮ್ಮೆಯೂ ಓಡದಂತೆ ಓಡಿತು. ತಟ್ಟೆಯ ಸುತ್ತು ನಾಲ್ಕು ನಿಮಿಷದಲ್ಲಿ ಮುಗಿಯಿತು, ಆಮೇಲೆ ಮೂರರಲ್ಲಿ. ಒಂದು ಸಲ ಅಂಚು ಬಿಟ್ಟು ತಟ್ಟೆಯ ನಡುವಿನಿಂದ ಅಡ್ಡ ಹಾಯಿತು. ಅಷ್ಟು ದಿನ ಎಂದೂ ಹಾಗೆ ಮಾಡಿರಲಿಲ್ಲ. ಕೇದಾರ ಒಬ್ಬನೇ ಇದ್ದು ಗಟ್ಟಿಯಾಗಿ ನಕ್ಕ. ಸರ್ ಬಂದಾಗ ತೋರಿಸಲೆಂದು ಫೋನಿನಲ್ಲಿ ತೆಗೆದ. ನೀಲಿ ಬೆಳಕಿನಲ್ಲಿ ಅವನ ಕೈಗಳೂ ನೀಲಿಯಾಗಿದ್ದವು.

ಬುಧವಾರ ಅವನು ಬಂದಾಗ ಅದು ಇನ್ನೂ ಓಡುತ್ತಿತ್ತು. ಆದರೆ ಬಲಗಡೆಯ ಹಿಂದಿನ ಕಾಲು ಏಳುತ್ತಿರಲಿಲ್ಲ. ಉಳಿದ ಐದು ಕಾಲು ಅದನ್ನು ಎಳೆದುಕೊಂಡು ಹೋಗುತ್ತಿದ್ದವು. ಗುಲಾಬಿ ನೀರು ಹಳದಿಗೆ ತಿರುಗಿತ್ತು. ಅವನು ನೀರು ಬದಲಿಸಿದ. ಆರಕ್ಕೆ ಇಳಿಸಲೆ ಎಂದು ಗುಂಡಿಯ ಮೇಲೆ ಕೈ ಇಟ್ಟ. ಇಳಿಸಿದರೆ ನಿಂತುಬಿಟ್ಟೀತು ಎನಿಸಿತು. ಕೈ ತೆಗೆದ.

ಗುರುವಾರ ಆಫೀಸಿಗೆ ಹುಷಾರಿಲ್ಲವೆಂದು ಹೇಳಿ ಬೆಳಗ್ಗೆಯೇ ಬಂದ. ಹತ್ತು ಗಂಟೆಗೆ ಸರಿಯಾಗಿ ಕರೆಂಟು ಹೋಯಿತು. ಮೇಲೆ ಟೈಲ್ಸ್ ಕತ್ತರಿಸುವ ಯಂತ್ರ ಕೀರಲು ದನಿ ನಿಲ್ಲಿಸಿತು. ಬೀದಿಯಲ್ಲಿ ಯಾರೋ ಮರಾಠಿಯಲ್ಲಿ, "ಗೇಲೀ, ಗೇಲೀ", ಹೋಯಿತು ಹೋಯಿತು ಎಂದು ನಕ್ಕರು. ಫ್ಯಾನು ನಿಧಾನವಾಗಿ ತಿರುಗಿ ನಿಂತಿತು. ಇಡೀ ಓಣಿಗೆ ಅರ್ಧ ದಿನದ ಬಿಡುವು ಸಿಕ್ಕಿತ್ತು.

ಡಬ್ಬಿಯೊಳಗೆ ಮಾತ್ರ ಬ್ಯಾಟರಿ ಟಿಕ್ ಎಂದಿತು. ನೀಲಿ ದೀಪ ಮಿನುಗುತ್ತಲೇ ಇತ್ತು.

ಒಂದು ವೈರು ಕೀಳಬೇಕಿತ್ತು, ಅಷ್ಟೇ. ಅದು ಅವನಿಗೆ ತಿಳಿಯದೆ ಇರಲಿಲ್ಲ. ಕತ್ತಲಲ್ಲಿ ಸೂಕ್ಷ್ಮದರ್ಶಕದ ಮುಂದೆ ಕೂತು ಅವನು ಅದನ್ನೇ ಯೋಚಿಸಿದ. ಕೀಳುವುದಕ್ಕೆ ಎಷ್ಟು ಹೊತ್ತು ಬೇಕು, ಯಾವ ಬೆರಳು ಸಾಕು. ಮೂರು ಕಾಲು ಏಳುತ್ತಿದ್ದವು. ಆಮೇಲೆ ಎರಡು. ಹನ್ನೊಂದೂ ಇಪ್ಪತ್ತಕ್ಕೆ ಮೈ ನಿಂತಿತು. ಎಡಗಡೆಯ ಮುಂದಿನ ಕಾಲೊಂದು ಮಾತ್ರ ದೀಪದ ತಾಳಕ್ಕೆ ಇನ್ನೂ ಸ್ವಲ್ಪ ಹೊತ್ತು ಮಡಚುತ್ತಿತ್ತು. ಜೂನ್‌ಗಿಂತ ಮೊದಲು ಹನ್ನೊಂದು ಯಂತ್ರಗಳು ಮಡಚುತ್ತಿದ್ದ ಹಾಗೆ, ಹೇಳಿದ್ದಕ್ಕೆ ಹೂಂ ಅಂದ ಹಾಗೆ. ಕೊನೆಗೆ ಅದೂ ನಿಂತಿತು.

ಕೇದಾರ ಗುಂಡಿಯನ್ನು ನಾಲ್ಕಕ್ಕೆ ತಂದ, ಎರಡಕ್ಕೆ ತಂದ, ಸೊನ್ನೆಗೆ ತಂದ. ಸರ್ ಹೇಳಿ ಕಳಿಸಿದ ಕೆಲಸವನ್ನು ಎರಡು ದಿನ ತಡವಾಗಿ ಮಾಡಿದ. ಕೆಂಪು ಟಾರ್ಚು ಹಿಡಿದು ನಾಲ್ಕು ಗಂಟೆಯ ತನಕ ನೋಡಿದ. ಕರೆಂಟು ಬಂದು ಫ್ಯಾನು ತಿರುಗಿದಾಗ ಮುಖದ ಮೇಲೆ ಬೆವರು ತಣ್ಣಗಾಯಿತು. ಅಷ್ಟು ದಣಿದಿದ್ದೇನೆ ಎಂದು ಆಗಲೇ ಅವನಿಗೆ ತಿಳಿದದ್ದು. ಮೇಜಿನ ಮೇಲೆ ತಲೆಯಿಟ್ಟ. ನಿದ್ದೆ ಹತ್ತಿತು. ಅದು ಅವನಿಗೆ ಇವತ್ತಿಗೂ ನಾಚಿಕೆ. ತಕ್ಷಣ ನಿದ್ದೆ ಹತ್ತಿತು.

*

ಹತ್ತೊಂಬತ್ತು ದಿನಗಳ ಮೇಲೆ ಒಂದು ಮಧ್ಯಾಹ್ನ ಕೃಷ್ಣಾಜಿ ಬಂದರು. ಡಾಕ್ಟರು ಮೆಟ್ಟಿಲು ಬೇಡವೆಂದಿದ್ದರು. ಅನುಜಾ ಅವರ ತೋಳು ಹಿಡಿದು ಒಂದೊಂದೇ ಮೆಟ್ಟಿಲು ಇಳಿಸಿದಳು. ಕೇದಾರನಿಗಿಂತ ಐದಾರು ವರ್ಷ ದೊಡ್ಡವಳು, ಬ್ಯಾಂಕಿನ ಕೆಲಸ. ಪುಣೆಯಲ್ಲೇ ಹುಟ್ಟಿ, ಮರಾಠಿ ಶಾಲೆಯಲ್ಲಿ ಓದಿದವಳು. ಶರಣಮ್ಮ ಬಕೆಟ್ಟು ಇಟ್ಟುಕೊಂಡು ನೆಲ ಒರೆಸುತ್ತಿದ್ದವಳು ಸರಿದು ದಾರಿ ಕೊಟ್ಟಳು.

"ಭಾಳ ಸೊರಗೀರಿ ಸರ."

"ಸೊರಗಿದ್ರೂ ಬಂದೀನಲ್ಲ ಶರಣಮ್ಮ." ಸರ್ ಸ್ಟೂಲಿನ ಮೇಲೆ ಕೂತು ಉಸಿರು ಹಿಡಿದರು. ಡಬ್ಬಿ ತೆರೆದರು. ಸಂರಕ್ಷಕ ದ್ರವದಲ್ಲಿ ಅದು ಬೆಳ್ಳಗೆ, ಕಾಲು ಚಾಚಿ ಇತ್ತು. ಮಲಗುವಾಗ ಅದು ಕಾಲು ಚಾಚುತ್ತಿರಲಿಲ್ಲ.

ಅವರು ತಟ್ಟೆಯ ಅಂಚಿಗೆ ಬೆರಳು ಇಟ್ಟರು.

"ಯಾವತ್ತು?"

"ಆ ಗುರುವಾರ್ರಿ ಸರ್."

"ದೀಪ ಎಷ್ಟರ ಮ್ಯಾಲಿತ್ತು?"

"ಏಳು."

"ಏಳು?" ಅವರು ಟೇಪು ಇದ್ದ ಜಾಗವನ್ನು ನೋಡಿದರು. ಅಂಟಿನ ಗುರುತಿನ ಮೇಲೆ ಧೂಳು ಕೂತಿತ್ತು. "ಏಳಕ್ಕ ಇಡು ಅಂತ ಯಾರು ಹೇಳಿದ್ರೋ ನಿನಗ?"

ಕೇದಾರ ಬಾಯಿ ತೆರೆಯುವ ಮೊದಲೇ ಅನುಜಾ ಹೇಳಿದಳು: "ನೀವ ಹೇಳಿದ್ರಿ ಬಾಬಾ. ದೀಪ ದೊಡ್ಡದು ಮಾಡು ಅಂತ. ನಾನ ಮೆಸೇಜ್ ಕಳಿಸೀನಿ."

ಸರ್ ಮಗಳ ಮುಖ ನೋಡಿದರು. ಆಮೇಲೆ ನಗು ಬಂತು. ನಗು ಕೆಮ್ಮಾಯಿತು, ಎರಡೂ ಕೈಯಿಂದ ಎದೆ ಒತ್ತಿ ಹಿಡಿದರು. "ಅಯ್ಯ ಹುಚ್ಚಿ. ದೀಪ ದೊಡ್ಡದು ಮಾಡು ಅಂದ್ರ ಆರಿಸು ಅಂತವಾ."

"ಆರಿಸು ಅಂದ್ರ ಆರಿಸು ಅನಬೇಕಲ್ರಿ! ಉಲ್ಟಾ ಯಾಕ ಅಂತೀರಿ?"

"ದೀಪಕ್ಕ ಹಂಗ ಅನಬಾರದು."

"ಎಲ್‌ಇಡಿಗೂ?"

"ಎಲ್‌ಇಡಿಗೂ," ಎಂದರು ಸರ್. ಅಷ್ಟರಲ್ಲಿ ನಗು ಮುಗಿದಿತ್ತು.

ಅನುಜಾ ಬಗ್ಗಿ ಮೊದಲ ಸಲ ತಟ್ಟೆಯೊಳಗೆ ನೋಡಿದಳು. "ಇದು ಏನಿತ್ತು?" ಎಂದು ಕೇಳಿದಳು. ಸರ್ ಹೇಳಿದರು. ಇಲಿ, ಹಾಳೆ, ಗುರುವಾರ, ಕೆಂಪು ಟಾರ್ಚು, ಎಲ್ಲ. ಅವಳು ಕೇಳುತ್ತ ಕೇಳುತ್ತ ಮುಖ ಸಣ್ಣದು ಮಾಡಿದಳು.

"ಮ್ಹಣಜೆ, ಅಂದ್ರ, ನನ್ನಿಂದ ಸತ್ತದ."

"ನಿನ್ನಿಂದ ಯಾಕ?"

"ನಾನ ಅಲ್ಲೇನ್ರಿ ಜಾಸ್ತಿ ಮಾಡು ಅಂದಾಕಿ. ನೀವು ಅಂದಿದ್ದು ಅಷ್ಟ ಹೇಳಿದ್ರ ಸಾಕಿತ್ತು. ನಾನು ಮ್ಯಾಲಿಂದ ನಂದೊಂದು ಶಾಣ್ಯಾತನ ಹಚ್ಚಿದೆ."

"ತಪ್ಪು ನಂದವಾ. ಮನ್ಯಾಗ ನಿಮ್ಮ ಕೂಡ ನಾ ಕನ್ನಡ ಮಾತಾಡಲಿಲ್ಲ. ಆಫೀಸು, ಮನಿ, ಎಲ್ಲಾ ಮರಾಠಿ. ಸಾಯೂ ಹೊತ್ತಿಗೆ ಬಾಯಾಗ ಬಂದದ್ದು ಅವ್ವನ ಮಾತು." ಅವರು ಕೇದಾರನ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. "ಇಂವಾನೂ ಇಲ್ಲೇ ಪುಣೆದಾಗ, ಹಡಪಸರದಾಗ ಬೆಳದಾಂವ. ಇಂವಗರೆ ಹೆಂಗ ಗೊತ್ತಾಗಬೇಕು."

ಬೆಳಗಾವಿಯ ಅಜ್ಜಿಯ ವಿಷಯ ಅವರು ಎಂದೂ ಕೇಳಿರಲಿಲ್ಲ. ಅವನೂ ಹೇಳಿರಲಿಲ್ಲ. ಎರಡು ವರ್ಷ ಒಂದೇ ಮೇಜಿನ ಎರಡು ಬದಿಗೆ ಕೂತು ಅವರು ಆಡಿದ್ದು ತಾಪಮಾನದ ಮಾತು, ನೀರಿನ ಮಾತು.

"ಸರ್, ಆರಿಸಿದ್ರ ಏಳ್ತಿತ್ತೇನ್ರಿ ಅದು?" ಎಂದು ಕೇಳಿದ. ಅದೊಂದು ತಿಳಿಯಬೇಕಿತ್ತು.

"ಯಾರಿಗೆ ಗೊತ್ತು. ಏಳದನೂ ಇರಬಹುದಿತ್ತು. ಮಲಗಿ ಹೋಗ್ತಿತ್ತು, ಓಡಿ ಹೋಗ್ತಿದ್ದಿಲ್ಲ." ಅವರು ಡಬ್ಬಿಯ ಮುಚ್ಚಳ ಹಾಕಿದರು. "ನನಗ ಅಲ್ಲೆ ಐಸಿಯುದಾಗ ಮೂರು ದಿವಸ ನಿದ್ದಿ ಹತ್ತಲಿಲ್ಲೋ ತಮ್ಮಾ. ಹಗಲು ರಾತ್ರಿ ಲೈಟು. ಬಂದ್ ಮಾಡ್ರಿ ಅಂದ್ರ ರೂಲ್ ಇಲ್ಲ ಅಂತಾರ. ಮೊದಲ್ನೇ ರಾತ್ರಿನ ಇದರ ನೆನಪಾತು."

ಅನುಜಾ ಕಣ್ಣೊರೆಸಿಕೊಂಡು ಕೇದಾರನ ಹತ್ತಿರ ಬಂದಳು. "ನಿನಗೂ ಗೊತ್ತಿದ್ದಿಲ್ಲಲ್ಲ?" ಎಂದಳು. ಪ್ರಶ್ನೆಯಲ್ಲ ಅದು. ತನ್ನ ಜೊತೆ ಇನ್ನೊಬ್ಬರಿದ್ದಾರೆ ಎಂದು ಖಾತ್ರಿ ಮಾಡಿಕೊಳ್ಳುವ ಮಾತು.

ಶರಣಮ್ಮನ ಕೈ ನಿಂತಿತು. ಒದ್ದೆ ಬಟ್ಟೆಯಿಂದ ನೀರು ಬಕೆಟ್ಟಿಗೆ ತೊಟ್ಟಿಕ್ಕುವ ಸದ್ದು ಕೇಳುತ್ತಿತ್ತು. ಅವಳು ಕೇದಾರನನ್ನು ನೋಡಿದಳು. ಬಹಳ ಹೊತ್ತೇನಲ್ಲ.

"ಕಾಲ ಎತ್ರಿ ಸರ," ಎಂದಳು.

ಅವನು ಕಾಲು ಎತ್ತಿದ. ಅವಳು ಅವನ ಕುರ್ಚಿಯ ಕೆಳಗೆ ಒರೆಸಿ ಮುಂದೆ ಹೋದಳು. ಅಷ್ಟರಲ್ಲಿ ಸರ್ ಎದ್ದು ನಿಂತರು. ಅನುಜಾ ಅವರ ತೋಳು ಹಿಡಿಯಲು ಓಡಿದಳು. ಉತ್ತರ ಕೊಡುವ ಹೊತ್ತು ದಾಟಿಹೋಯಿತು.

*

ನೆಲಮಾಳಿಗೆಯಲ್ಲಿ ಈಗ ಪಂಢರಿನಾಥನ ಟೈಲ್ಸಿನ ಪೆಟ್ಟಿಗೆಗಳಿವೆ. ಕೃಷ್ಣಾಜಿ ಬೆಳಗ್ಗೆ ಸಂಜೆ ಅರ್ಧ ಗಂಟೆ ನಡೆಯುತ್ತಾರೆ. ಆ ವಿಷಯ ಎತ್ತುವುದಿಲ್ಲ. ಕೇದಾರ ಬೆಳಗಿನ ಪಾಳಿಯ ಮೇಲೆ ಮಧ್ಯಾಹ್ನದ ಪಾಳಿಯನ್ನೂ ಹಿಡಿದಿದ್ದಾನೆ. ಗಿಡ, ಕಂಬ, ಮನುಷ್ಯ.

ಅನುಜಾ ಕನ್ನಡ ಕಲಿಯುತ್ತಿದ್ದಾಳೆ. ಅಪ್ಪನಿಗೆ ಮತ್ತೆ ಏನಾದರೂ ಆದರೆ ಅವರು ಹೇಳಿದ್ದು ತನಗೆ ತಿಳಿಯಬೇಕು ಎನ್ನುತ್ತಾಳೆ. ಅಪ್ಪನನ್ನು ಕೇಳಲು ನಾಚಿಕೆಯಾಗಿ ಕೇದಾರನನ್ನು ಕೇಳುತ್ತಾಳೆ. ವಾರಕ್ಕೆ ಎರಡು ಮೂರು ಸಂದೇಶ. ಹೋಗುವವರು ಬರ್ತೀನಿ ಅಂತ ಯಾಕ ಅಂತಾರ? ಬಳಿ ಒಡದದ್ದಕ್ಕ ಹೆಚ್ಚಾತು ಅಂದ್ರು ನಮ್ಮ ಅತ್ಯಾ, ಅದು ಹೆಂಗ? ಅವನು ಬಸ್ಸಿನಲ್ಲಿ ಕೂತು ಒಂದೊಂದಕ್ಕೂ ಉತ್ತರ ಬರೆಯುತ್ತಾನೆ. ಕೆಟ್ಟದ್ದನ್ನು ಬಾಯಿಂದ ಆಡಬಾರದು ಎಂದು ಹಿರಿಯರು ಹೀಗೆ ಮಾಡಿಟ್ಟಿದ್ದಾರೆ, ಕೇಳುವವರಿಗೆ ಹೇಗೂ ತಿಳಿಯುತ್ತದೆ ಎಂದು ಬರೆಯುತ್ತಾನೆ.

ಕಳೆದ ವಾರ ಅವಳು ಬರೆದಳು: "ಭಾಳ ಛೊಲೋ ಹೇಳಿಕೊಡ್ತಿ. ಇಷ್ಟೆಲ್ಲಾ ನೀ ಎಲ್ಲೆ ಕಲ್ತಿ?"

ಅವನು ಅಜ್ಜಿ ಎಂದು ಬರೆದ. ಅಳಿಸಿದ. ಇಂಟರ್‌ನೆಟ್ಟಿನಲ್ಲಿ ಎಲ್ಲಾ ಸಿಗ್ತದ ಎಂದು ಬರೆದು ಕಳಿಸಿದ. ಅವಳು ನಗುವ ಮುಖ ಹಾಕಿದಳು.

ಆ ಮಂಗಳವಾರ ಆ ಮಾತಿನ ಅರ್ಥ ತನಗೆ ಗೊತ್ತಿತ್ತು ಎಂದು ಅವನು ಅವಳಿಗೆ ಹೇಳಲೇ ಇಲ್ಲ.